ಆಲ್ಬುಮಿನ್ ಕಮ್ಮಿ ಇದ್ದರೆ ಪೌಡರ್ ಕುಡೀಬೇಕಾ?

ಕಿಡ್ನಿ ಡಾಕ್ಟರ ಮೇಜಿನ ಮೇಲೆ ಪ್ರೋಟೀನ್ ಪೌಡರಿನ ಡಬ್ಬ ತಂದಿಟ್ಟು, ‘ಇದು ಸಾಕಾ, ಇನ್ನೂ ಒಳ್ಳೇದು ತರಬೇಕಾ?’ ಅಂತ ಕೇಳುವವರು ಕಮ್ಮಿಯಿಲ್ಲ. ಜೊತೆಗೆ ಲ್ಯಾಬ್ ರಿಪೋರ್ಟು. ರಕ್ತದಲ್ಲಿರುವ ಆಲ್ಬುಮಿನ್ ಅನ್ನೋ ಪ್ರೋಟೀನ್ 2.4 ಅಂತಿದೆ, 3.5ರ ಮೇಲಿರಬೇಕಿತ್ತು. ಅಪ್ಪ ಸರಿಯಾಗಿ ಊಟ ಮಾಡುತ್ತಿಲ್ಲ ಅಂತ ಮನೆಯಲ್ಲಿ ಆಗಲೇ ತೀರ್ಮಾನ ಆಗಿರುತ್ತದೆ.

ಸ್ವಾಮಿ, ಆ ಸಂಖ್ಯೆ ನೋಡಿ ನಿಮ್ಮ ಊಟದ ಲೆಕ್ಕ ಹೇಳಲಾಗದು.

ಪ್ರೋಟೀನ್ ಅಂದರೆ ತೋಳು, ತೊಡೆ ಅಷ್ಟೇ ಅಂತ ಜಿಮ್‌ನವರು ನಂಬಿಸಿಬಿಟ್ಟಿದ್ದಾರೆ. ಮೈಯಲ್ಲಿ ಅದಿಲ್ಲದ ಜಾಗ ಹುಡುಕುವುದೇ ಕಷ್ಟ. ಚರ್ಮ, ಮೂಳೆಯಲ್ಲಿ ಕೊಲಾಜನ್. ಕೂದಲು, ಉಗುರಲ್ಲಿ ಕೆರಟಿನ್. ಕೆಂಪು ರಕ್ತಕಣದಲ್ಲಿ ಹಿಮೋಗ್ಲೋಬಿನ್. ಕಣ್ಣಿನ ಮಸೂರದ ನಡುಭಾಗದ ಪ್ರೋಟೀನಂತೂ ಹುಟ್ಟುವ ಮೊದಲೇ ತಯಾರಾಗಿ, ಸಾಯುವ ತನಕ ಅದೇ ಉಳಿಯುತ್ತದೆ. 70 ಕೆಜಿಯ ಆಳಿನ ಮೈಯಲ್ಲಿ ಪ್ರೋಟೀನೇ ಸುಮಾರು 10–11 ಕೆಜಿ. ಅದರಲ್ಲಿ ರಕ್ತದಲ್ಲಿ ಓಡಾಡುವ ಆಲ್ಬುಮಿನ್ ಹೆಚ್ಚುಕಮ್ಮಿ 120 ಗ್ರಾಂ. ರಿಪೋರ್ಟು ಹೇಳುವುದು ಇಷ್ಟರ ಕಥೆ ಮಾತ್ರ.

ಈ ಆಲ್ಬುಮಿನ್ ತಯಾರಿಸುವುದು ಲಿವರ್. ರಕ್ತನಾಳದೊಳಗೆ ನೀರನ್ನು ಹಿಡಿದಿಡುವುದು ಇದರ ಮುಖ್ಯ ಕೆಲಸ. ಕಮ್ಮಿಯಾದರೆ ನೀರು ಹೊರಗೆ ಜಿನುಗಿ ಕಾಲು ಊದುತ್ತದೆ. ಯಾಕೆ ಕಮ್ಮಿಯಾಗುತ್ತದೆ? ಲಿವರ್ ಸೋತಿರಬಹುದು, ಎಲ್ಲೋ ಸೋಂಕು ಇರಬಹುದು, ಕಿಡ್ನಿಯಿಂದ ಅದು ಮೂತ್ರಕ್ಕೆ ಸೋರುತ್ತಿರಬಹುದು. ಊಟ ತೀರಾ ಕಮ್ಮಿಯಾಗಿಯೂ ಆಗಬಹುದು, ಇಲ್ಲ ಅನ್ನಲ್ಲ. ಆದರೆ ಮೂರು ಹೊತ್ತು ಉಣ್ಣುವ ಮನೆಗಳಲ್ಲಿ ನಾನು ಅದನ್ನು ಮೊದಲು ಅನುಮಾನಿಸುವುದಿಲ್ಲ.

ಬಸವನಗುಡಿಯ ರಿಟೈರ್ಡ್ ಮೇಷ್ಟ್ರೊಬ್ಬರು ಬಂದಿದ್ದರು. ಹಳೇ ಶುಗರ್. ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರೆ ಗುಳಿ ಹಾಗೇ ನಿಂತಿತು. ಮೂತ್ರದಲ್ಲಿ ನೊರೆ ಬರುತ್ತಾ ಅಂತ ಕೇಳಿದೆ. ಅವರು ಸುಮ್ನೆ ಕೂತಿದ್ದರು, ಹೆಂಡತಿ ಹೇಳಿದರು: ‘ಬುರುಬುರು ನೊರೆ ಡಾಕ್ಟ್ರೇ. ಕಮೋಡೇ ಕೆಟ್ಟಿದೆ ಅಂತ ಪ್ಲಂಬರನ್ನ ಕರೆಸಿದ್ದೆ!’ ಇಡೀ ದಿನದ ಮೂತ್ರ ಹಿಡಿದು ನೋಡಿದರೆ 6 ಗ್ರಾಂ ಪ್ರೋಟೀನ್. ಆರೋಗ್ಯವಂತರಲ್ಲಿ 150 ಮಿಲಿಗ್ರಾಂ ದಾಟಬಾರದು. ಮಗ ಮಾತ್ರ ಹಾಲಿಗೆ ದಿನಾ ಎರಡು ಚಮಚ ಪೌಡರ್ ಕಲಸಿ ಕುಡಿಸುತ್ತಿದ್ದ. ಪಾಪ, ಪ್ರೀತಿಯಿಂದಲೇ.

ತೂತು ಬಿದ್ದ ನೀರಿನ ಸಂಪ್‌ಗೆ ಇನ್ನೊಂದು ಟ್ಯಾಂಕರ್ ನೀರು ತರಿಸಿದರೆ ತೂತು ಮುಚ್ಚುತ್ತಾ? ಇಲ್ಲಂತೂ ಜಾಸ್ತಿ ಪ್ರೋಟೀನ್ ಸುರಿದಷ್ಟೂ ಕಿಡ್ನಿಗೆ ಹೊರೆ. ಹಾಗಂತ ಬೇಳೆ, ಮೊಟ್ಟೆ ಪೂರ್ತಿ ಬಿಡುವುದೂ ತಪ್ಪು. ಎಷ್ಟು ತಿನ್ನಬೇಕು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ನಿಮ್ಮ ಡಾಕ್ಟರನ್ನೇ ಕೇಳಿ, ಅಂಕಣ ಓದಿ ನಿರ್ಧಾರ ಮಾಡಬೇಡಿ.

ಮೂತ್ರದಲ್ಲಿ ಒಮ್ಮೆ ಪ್ರೋಟೀನ್ ‘ಪ್ಲಸ್’ ಬಂತು ಅಂತ ಹೆದರಬೇಕಿಲ್ಲ. ಜ್ವರವಿದ್ದರೂ, ಜೋರಾಗಿ ಓಡಿ ಬಂದಿದ್ದರೂ ಹಾಗೆ ಬರಬಹುದು. ಬೆಳಗಿನ ಮೊದಲ ಮೂತ್ರ ಕೊಟ್ಟು ಮತ್ತೆ ನೋಡಿಸಿ. ಶುಗರ್ ಇದ್ದವರು ಮೂತ್ರದ ಆಲ್ಬುಮಿನ್ ಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸಲೇಬೇಕು. ದಿನಾ ಶುಗರ್ ರೀಡಿಂಗ್ ವಾಟ್ಸಾಪ್ ಮಾಡುವವರೇ ಇದನ್ನು ಮರೆಯುವುದು ನೋಡಿ.