ಪ್ರೋಟೀನ್ ಇದೆ ಸರಿ, ಆದರೆ ಚಾಲೂ ಆಗಿದೆಯಾ?

ಇಆರ್‌ಕೆ ಎಂಬ ಪ್ರೋಟೀನ್ ಜೀವಕೋಶದಲ್ಲಿ ಯಾವಾಗಲೂ ಇರುತ್ತದೆ, ಕೋಶ ಸುಮ್ನೆ ಇದ್ದಾಗಲೂ. ಬೆಳೆಯಬೇಕು ಎಂಬ ಸಂಕೇತ ಹೊರಗಿನಿಂದ ಬಂದರೆ ಕೆಲವೇ ನಿಮಿಷಗಳಲ್ಲಿ ಅದರ ಎರಡು ಜಾಗಕ್ಕೆ ಫಾಸ್ಫೇಟ್ ಎಂಬ ಚಿಕ್ಕ ರಾಸಾಯನಿಕ ಗುಂಪು ಅಂಟುತ್ತದೆ. ಆಗ ಅದು ಚಾಲೂ ಆಗುತ್ತದೆ. ಅಷ್ಟರಲ್ಲಿ ಪ್ರೋಟೀನ್ ಹೆಚ್ಚಾಗಿರುವುದಿಲ್ಲ, ಅದರ ಸ್ಥಿತಿ ಮಾತ್ರ ಬದಲಾಗಿರುತ್ತದೆ. ಸಂಕೇತ ಸಾಗಿಸುವ ಪ್ರೋಟೀನ್‌ಗಳನ್ನು ಪತ್ತೆ ಮಾಡುವ ಕಷ್ಟವೆಲ್ಲ ಇರುವುದು ಇಲ್ಲೇ.

ಆಂಟಿಬಾಡಿ ಎಂದರೆ ನಿರ್ದಿಷ್ಟ ಆಕಾರಕ್ಕೆ ಅಂಟಿಕೊಳ್ಳುವ, ದೇಹದ ರಕ್ಷಣಾ ಪ್ರೋಟೀನ್. ಅದನ್ನು ಬಳಸಿ ಪತ್ತೆ ಮಾಡುವ ಉಪಾಯ ಹಳೆಯದು. 1941ರಲ್ಲೇ ಆಲ್ಬರ್ಟ್ ಕೂನ್ಸ್ ಮತ್ತು ಜೊತೆಗಾರರು ಆಂಟಿಬಾಡಿಗೆ ಹೊಳೆಯುವ ಬಣ್ಣ ಅಂಟಿಸಿದ್ದರು. ಆದರೆ ಪ್ರಾಣಿಯ ರಕ್ತದಿಂದ ತೆಗೆದ ಆಂಟಿಬಾಡಿ ಒಂದು ಕಲಬೆರಕೆ. ಒಂದೇ ಪ್ರೋಟೀನಿನ ಬೇರೆ ಬೇರೆ ಭಾಗ ಹಿಡಿಯುವ ನೂರಾರು ಬಗೆ ಅದರಲ್ಲಿರುತ್ತವೆ. ಆ ಪ್ರಾಣಿ ಸತ್ತರೆ ಅದೇ ಮಿಶ್ರಣ ಮತ್ತೆ ಸಿಗುವುದಿಲ್ಲ.

1975ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ಇದಕ್ಕೊಂದು ದಾರಿ ಹುಡುಕಿದರು. ಆಂಟಿಬಾಡಿ ಮಾಡುವ ಕೋಶ ತಟ್ಟೆಯಲ್ಲಿ ಜಾಸ್ತಿ ದಿನ ಬದುಕುವುದಿಲ್ಲ. ಮೈಲೋಮಾ ಎಂಬ ಕ್ಯಾನ್ಸರ್ ಕೋಶಕ್ಕೆ ಸಾವೇ ಇಲ್ಲ. ಇಲಿಯ ಈ ಎರಡು ಕೋಶಗಳನ್ನು ಬೆಸೆದರು. ಹುಟ್ಟಿದ ಬೆಸುಗೆ ಕೋಶ, ಅಂದರೆ ಹೈಬ್ರಿಡೋಮಾ, ಒಂದೇ ಬಗೆಯ (ಮೊನೊಕ್ಲೋನಲ್) ಆಂಟಿಬಾಡಿಯನ್ನು ಬೇಕಾದಷ್ಟು ಕಾಲ ಸುರಿಸುತ್ತಲೇ ಇರುತ್ತದೆ. 1984ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆ ವಿಧಾನಕ್ಕೆ ಪೇಟೆಂಟ್ ಮಾತ್ರ ಅವರು ಮಾಡಿಸಲಿಲ್ಲ!

ಇನ್ನೊಂದು ಕಡೆಯಿಂದ ಜೀವವಿಜ್ಞಾನಿ ಟೋನಿ ಹಂಟರ್ ಬಂದರು. 1979ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಅವರು ವೈರಸ್ ಪ್ರೋಟೀನ್ ಒಂದಕ್ಕೆ ಫಾಸ್ಫೇಟ್ ಎಲ್ಲಿ ಅಂಟುತ್ತದೆ ಎಂದು ನೋಡುತ್ತಿದ್ದರು. ಪರೀಕ್ಷೆಗೆ ಬೇಕಾದ ಬಫರ್ ದ್ರಾವಣವನ್ನು ಹೊಸದಾಗಿ ಮಾಡಲು ಬೇಸರವಾಗಿ ಹಳೆಯದನ್ನೇ ಬಳಸಿದರು. ಅದರ ಪಿಎಚ್ 1.9ರಿಂದ 1.7ಕ್ಕೆ ಇಳಿದಿತ್ತು. ಅದರಿಂದಲೇ, ಸಾಮಾನ್ಯವಾಗಿ ಒಂದರ ಮೇಲೊಂದು ಕೂರುವ ಎರಡು ಚುಕ್ಕೆಗಳು, ಅಂದರೆ ಫಾಸ್ಫೇಟ್ ಅಂಟಿದ ಥ್ರಿಯೊನಿನ್ ಮತ್ತು ಟೈರೋಸಿನ್ ಎಂಬ ಅಮೈನೋ ಆಮ್ಲಗಳು, ಬೇರೆಯಾದವು. ಫಾಸ್ಫೇಟ್ ಟೈರೋಸಿನ್‌ಗೂ ಅಂಟುತ್ತದೆ ಎಂದು ಜಗತ್ತಿಗೆ ಗೊತ್ತಾಗಿದ್ದು ಹೀಗೆ. ಸೋಮಾರಿತನಕ್ಕೆ ಇಷ್ಟು ದೊಡ್ಡ ಫಲ ಸಿಗುವುದು ಅಪರೂಪ ಅಲ್ವಾ?

ಎರಡೂ ದಾರಿಗಳು ಕೂಡಲು ತಡವಾಗಲಿಲ್ಲ. 1981ರ ಹೊತ್ತಿಗೇ ಫಾಸ್ಫೇಟ್ ಅಂಟಿದ ಟೈರೋಸಿನ್ ಹಿಡಿಯುವ ಆಂಟಿಬಾಡಿ ಬಂತು. ಆದರೆ ಅಂಥ ಟೈರೋಸಿನ್ ಯಾವ ಪ್ರೋಟೀನ್‌ನಲ್ಲಿದ್ದರೂ ಅದು ಹಿಡಿಯುತ್ತಿತ್ತು. ಮುಂದೆ ಒಂದೇ ಪ್ರೋಟೀನಿನ, ಅದರಲ್ಲೂ ಚಾಲೂ ಆದ ರೂಪವನ್ನು ಮಾತ್ರ ಹಿಡಿಯುವವು ಬಂದವು. ನನ್ನ ಲೆಕ್ಕದಲ್ಲಿ ನಿಜವಾದ ತಿರುವು ಇದೇ. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸಿ, ಆಂಟಿಬಾಡಿ ಹಿಡಿದದ್ದನ್ನು ಪಟ್ಟಿಯಾಗಿ ತೋರಿಸುವ ಪರೀಕ್ಷೆ) ಈಗ ಎರಡು ಪ್ರಶ್ನೆ ಕೇಳಬಹುದು: ಇಆರ್‌ಕೆ ಒಟ್ಟು ಎಷ್ಟಿದೆ, ಅದರಲ್ಲಿ ಚಾಲೂ ಆಗಿರುವುದು ಎಷ್ಟು. ಎರಡನೆಯದನ್ನು ಮಾತ್ರ ತೋರಿಸುವ ಚಿತ್ರ ಅರ್ಧ ಮಾತು. ಕೋಶ ಒಡೆದ ಮೇಲೂ ಕಿಣ್ವಗಳು ಫಾಸ್ಫೇಟ್ ಕಿತ್ತುಹಾಕುತ್ತಲೇ ಇರುತ್ತವೆ. ಅದಕ್ಕೇ ಮಾದರಿಯನ್ನು ಮಂಜುಗಡ್ಡೆಯಲ್ಲಿ ಇಡುವುದು, ಅದಕ್ಕೇ ಆ ಕಿಣ್ವಗಳನ್ನು ತಡೆಯುವ ವನಡೇಟ್‌ನಂಥ ರಾಸಾಯನಿಕಗಳು.

ಮೊನೊಕ್ಲೋನಲ್ ಎಂದರೆ ನಂಬಬಹುದು ಎಂಬ ಭಾವನೆ ಹೀಗೆ ಬೆಳೆಯಿತು. ಅದು ಪೂರ್ತಿ ನಿಜವಲ್ಲ. ಒಂದೇ ಜಾಗಕ್ಕೆ ಅಂಟುವ ಆಂಟಿಬಾಡಿ, ಅದೇ ಆಕಾರ ಇನ್ನೊಂದು ಪ್ರೋಟೀನ್‌ನಲ್ಲಿದ್ದರೆ ಅಲ್ಲೂ ಅಂಟುತ್ತದೆ. 2017ರಲ್ಲಿ ಸಂಶೋಧಕರು ಈಸ್ಟ್ರೊಜೆನ್ ಗ್ರಾಹಿ ಬೀಟಾ ಎಂಬ ಪ್ರೋಟೀನ್ ಹಿಡಿಯಲೆಂದು ಬಳಸುತ್ತಿದ್ದ 13 ಆಂಟಿಬಾಡಿಗಳನ್ನು ಪರೀಕ್ಷಿಸಿದರು. ಸರಿಯಾಗಿ ಗುರಿ ಹಿಡಿದದ್ದು ಒಂದೇ ಒಂದು. ಮರುವರ್ಷ 185 ಹೈಬ್ರಿಡೋಮಾಗಳನ್ನು ನೋಡಿದಾಗ ಸುಮಾರು ಮೂರರಲ್ಲೊಂದು ಭಾಗ ಇರಬಾರದ ಇನ್ನೊಂದು ಆಂಟಿಬಾಡಿ ಸರಪಳಿಯನ್ನೂ ತಯಾರಿಸುತ್ತಿತ್ತು. ಅನುಕ್ರಮ ಗೊತ್ತಿರುವ ರಿಕಾಂಬಿನಂಟ್ ಆಂಟಿಬಾಡಿಗಳೇ (ಗೊತ್ತಿರುವ ಜೀನ್‌ನಿಂದ ತಯಾರಿಸಿದವು) ಬೇಕು ಎಂದು 2015ರಲ್ಲೇ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಒತ್ತಾಯಿಸಿದ್ದರು.

ಪರೀಕ್ಷೆ ಸರಳವೇ. ಆ ಪ್ರೋಟೀನಿನ ಜೀನ್ ತೆಗೆದ ಕೋಶದಲ್ಲೂ ಪಟ್ಟಿ ಕಂಡರೆ ಆಂಟಿಬಾಡಿ ಬೇರೇನನ್ನೋ ಹಿಡಿಯುತ್ತಿದೆ. ಆದರೆ ಆಂಟಿಬಾಡಿ ನಿಜವಾಗಿ ಫಾಸ್ಫೇಟನ್ನೇ ನೋಡುತ್ತಿದೆಯೇ ಎಂಬುದು ಇದರಿಂದ ತಿಳಿಯುವುದಿಲ್ಲ. ಅದಕ್ಕೆ ಮಾದರಿಗೆ ಫಾಸ್ಫೇಟ್ ಕಿತ್ತುಹಾಕುವ ಫಾಸ್ಫಟೇಸ್ ಕಿಣ್ವ ಹಾಕಿ ನೋಡಬೇಕು. ಫಾಸ್ಫೋ ಪಟ್ಟಿ ಹೋಗಬೇಕು, ಒಟ್ಟು ಇಆರ್‌ಕೆಯ ಪಟ್ಟಿ ಹಾಗೇ ಇರಬೇಕು.