ಊರಿನ ಹೆಸರು ಒಂದೇ ಸಾಲದು

ರಷ್ಯನ್ ದಾಖಲೆಗಳನ್ನು ಅನುವಾದ ಮಾಡುವುದು ನನ್ನ ಕೆಲಸ. ಜನನ ಪತ್ರ, ಮದುವೆ ಪತ್ರ, ಡಿಪ್ಲೊಮಾ, ಅಂಕಪಟ್ಟಿ. ಕಾಗದ ತರುವವರು ತುಂಬ ಸಲ ಹೇಳುವ ಮಾತು ಒಂದೇ: "ಮೇಡಂ, ಆ ಒಬ್ಲಾಸ್ತು, ರಾಯೋನು ಎಲ್ಲ ಯಾಕೆ? ಫಾರ್ಮಿನಲ್ಲಿ ಜಾಗ ಇಲ್ಲ. ಸುಮ್ನೆ ಊರಿನ ಹೆಸರು ಹಾಕಿಬಿಡಿ."

ಹಾಗೆ ಮಾಡಬೇಡಿ. ಒಬ್ಲಾಸ್ತ್ ಅಂದರೆ ದೊಡ್ಡ ಪ್ರಾಂತ್ಯ, ರಾಯೋನ್ ಅಂದರೆ ಅದರ ಒಳಗಿನ ಆಡಳಿತ ವಿಭಾಗ. ರಷ್ಯಾದಲ್ಲಿ ಬರೀ ಊರಿನ ಹೆಸರು ವಿಳಾಸವೇ ಅಲ್ಲ. ನಮ್ಮಲ್ಲಿ ಯಾರಾದರೂ ಹೊಸಹಳ್ಳಿ ಅಂದರೆ, ಯಾವ ತಾಲೂಕು, ಯಾವ ಹೋಬಳಿ ಅಂತ ಕೇಳದೆ ಬಿಡ್ತೀವಾ? ಅಲ್ಲಿ ಈ ಪ್ರಶ್ನೆ ಇನ್ನೂ ಜಾಸ್ತಿ ಬೇಕು. ಅಲೆಕ್ಸಾಂದ್ರೊವ್ಕಾ, ಮಿಖಾಯ್ಲೊವ್ಕಾ, ಬೆರ್ಯೊಜೊವ್ಕಾ, ನಿಕೋಲ್‌ಸ್ಕೊಯೆ, ಪೊಕ್ರೊವ್‌ಸ್ಕೊಯೆ ಎಂಬ ಹಳ್ಳಿಗಳು ದೇಶದ ತುಂಬ ಇವೆ. ಎಷ್ಟೋ ಕಡೆ ಊರ ಚರ್ಚ್ ಯಾವ ಸಂತನದೋ, ಯಾವ ಹಬ್ಬದ್ದೋ ಆ ಹೆಸರು ಊರಿಗೂ ಬಂತು. ಕೆಲವು ಕಡೆ ಜಮೀನ್ದಾರನ ಹೆಸರೇ ನಿಂತಿತು. ಸೈಬೀರಿಯಾಗೆ ವಲಸೆ ಹೋದವರು ಹಳೆಯ ಊರಿನ ಹೆಸರನ್ನೂ ಜೊತೆಗೆ ಒಯ್ದರು.

ಸೋವಿಯತ್ ಕಾಲದಲ್ಲಿ ಇದು ಪಟ್ಟಣಗಳಿಗೂ ಬಂತು. 1934ರಲ್ಲಿ ಸೋವಿಯತ್ ನಾಯಕ ಸೆರ್ಗೇಯ್ ಕಿರೊವ್ ಕೊಲೆಯಾದ ಮೇಲೆ ವ್ಯಾತ್ಕಾ ನಗರ ಕಿರೊವ್ ಆಯಿತು. ಕಲೂಗಾ ಒಬ್ಲಾಸ್ತಿನಲ್ಲಿ ಇನ್ನೊಂದು ಕಿರೊವ್ ಇದೆ. ಕಿರೊವ್‌ಸ್ಕ್ ಒಂದು ಲೆನಿನ್‌ಗ್ರಾದ್ ಒಬ್ಲಾಸ್ತಿನಲ್ಲಿ, ಮತ್ತೊಂದು ಉತ್ತರ ಧ್ರುವ ವೃತ್ತದ ಒಳಗಿನ ಮುರ್ಮನ್‌ಸ್ಕ್ ಒಬ್ಲಾಸ್ತಿನಲ್ಲಿ. ಝೆಲೆಜ್ನೊಗೊರ್ಸ್ಕ್ ಕೂಡ ಎರಡು. ಕುರ್ಸ್ಕ್ ಒಬ್ಲಾಸ್ತಿನದು ಕಬ್ಬಿಣದ ಅದಿರಿನ ಊರು. ಕ್ರಾಸ್ನೊಯಾರ್ಸ್ಕ್‌ನದು ಪಾಸ್ ಇಲ್ಲದೆ ಒಳಗೆ ಬಿಡದ ಊರು, ಹಿಂದೆ ಅದನ್ನು ಕ್ರಾಸ್ನೊಯಾರ್ಸ್ಕ್-26 ಅನ್ನುತ್ತಿದ್ದರು. ಎರಡನ್ನೂ ಒಂದೇ ಅಂದುಕೊಂಡರೆ ಏನಾಗಬಹುದು ಯೋಚಿಸಿ.

"ಸರಿ ಮೇಡಂ, ಹಾಗಾದರೆ ರಾಯೋನ್ ಹಾಕಿ, ಒಬ್ಲಾಸ್ತ್ ಬಿಡಿ" ಅನ್ನುತ್ತಾರೆ. ಅದೂ ಆಗುವುದಿಲ್ಲ.  ರಾಯೋನ್ ಹೆಸರುಗಳೂ ಮತ್ತೆ ಮತ್ತೆ ಬರುತ್ತವೆ. ಒಕ್ತ್ಯಾಬ್ರ್‌ಸ್ಕಿ ರಾಯೋನ್ ರೊಸ್ತೊವ್ ಒಬ್ಲಾಸ್ತಿನಲ್ಲಿದೆ, ವೊಲ್ಗೊಗ್ರಾದ್‌ನಲ್ಲಿದೆ, ಕುರ್ಸ್ಕ್‌ನಲ್ಲಿದೆ. ಎಷ್ಟೋ ದೊಡ್ಡ ನಗರಗಳ ಒಳಗೂ ಅದೇ ಹೆಸರಿನ ರಾಯೋನ್ ಇದೆ.

ಎಲ್ಲರೂ ಎಡವುವ ಜಾಗ ರೊಸ್ತೊವ್. ನಿಧಾನವಾಗಿ ಓದಿ. ರೊಸ್ತೊವ್ ಒಬ್ಲಾಸ್ತ್ ಇರುವುದು ದಕ್ಷಿಣದಲ್ಲಿ, ದೋನ್ ನದಿಯ ಕಡೆ. ಅದರ ಮುಖ್ಯ ನಗರ ರೊಸ್ತೊವ್-ನಾ-ದೊನು. ಆದರೆ ರೊಸ್ತೊವ್‌ಸ್ಕಿ ರಾಯೋನ್ ಅಲ್ಲಿಲ್ಲ! ಅದು ಮಾಸ್ಕೋದ ಈಶಾನ್ಯಕ್ಕೆ, ಯಾರೊಸ್ಲಾವ್ಲ್ ಒಬ್ಲಾಸ್ತಿನಲ್ಲಿದೆ. ಅದರ ಕೇಂದ್ರ ರೊಸ್ತೊವ್ ಎಂಬ ಇನ್ನೊಂದು ಹಳೆಯ ಪಟ್ಟಣ. "ರೊಸ್ತೊವ್‌ಸ್ಕಿ ರಾಯೋನ್" ಅಂತಷ್ಟೇ ಇರುವ ಕಾಗದ ನೋಡಿ, ಇದು ರೊಸ್ತೊವ್ ಒಬ್ಲಾಸ್ತೇ ಇರಬೇಕು ಅಂತ ನೀವೇ ತುಂಬಿಸಿದರೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ತಪ್ಪಿದ ಹಾಗೆ. ಮೆಡಿಕಲ್ ಓದಲು ಹೋಗುವ ನಮ್ಮ ಮಕ್ಕಳ ಅಪ್ಪ ಅಮ್ಮಂದಿರಿಗೂ ಇದೇ ಮಾತು: ಬರೀ ರೊಸ್ತೊವ್, ಬರೀ ನೊವ್ಗೊರೊದ್ ಅಂತ ಎಲ್ಲೂ ಬರೆಯಬೇಡಿ. ನಿಜ್ನಿ ನೊವ್ಗೊರೊದ್ ವೋಲ್ಗಾ ದಂಡೆಯಲ್ಲಿದೆ. ವೆಲಿಕಿ ನೊವ್ಗೊರೊದ್ ಇರುವುದು ಸೇಂಟ್ ಪೀಟರ್ಸ್‌ಬರ್ಗ್ ಕಡೆ.

ತಾವೇ "ಸರಿ ಮಾಡಿಕೊಂಡು" ಬರುವವರೂ ಇದ್ದಾರೆ. ಲೆನಿನ್‌ಗ್ರಾದ್ ಅನ್ನೋ ಹೆಸರು ಹೋಯಿತಲ್ಲ ಅಂತ ಲೆನಿನ್‌ಗ್ರಾದ್ ಒಬ್ಲಾಸ್ತ್ ಹೊಡೆದುಹಾಕಿ ಸೇಂಟ್ ಪೀಟರ್ಸ್‌ಬರ್ಗ್ ಅಂತ ಬರೆಯುತ್ತಾರೆ. 1991ರಲ್ಲಿ ಬದಲಾದದ್ದು ನಗರದ ಹೆಸರು. ಒಬ್ಲಾಸ್ತ್ ಇಂದಿಗೂ ಲೆನಿನ್‌ಗ್ರಾದ್ ಒಬ್ಲಾಸ್ತೇ, ನಗರ ಅದಕ್ಕೆ ಸೇರಿಲ್ಲ. ಯೆಕತೆರಿನ್‌ಬುರ್ಗ್ ಇರುವ ಸ್ವೆರ್ದ್ಲೊವ್‌ಸ್ಕ್ ಒಬ್ಲಾಸ್ತಿಗೂ ಹಳೆಯ ಹೆಸರೇ ಉಳಿದಿದೆ. ಕುಯ್ಬಿಶೆವ್ ವಿಷಯ ಇನ್ನೂ ನಾಜೂಕು. 1991ರವರೆಗೆ ಸಮಾರಾ ನಗರದ ಹೆಸರು ಅದಾಗಿತ್ತು. ಆದರೆ ನೊವೊಸಿಬಿರ್ಸ್ಕ್ ಒಬ್ಲಾಸ್ತಿನಲ್ಲಿ ಕುಯ್ಬಿಶೆವ್ ಎಂಬ ಪಟ್ಟಣ ಈಗಲೂ ಇದೆ. ಹಳೆಯ ಕಾಗದದಲ್ಲಿ ಆ ಹೆಸರು ಕಂಡ ಕೂಡಲೇ ಸಮಾರಾ ಅನ್ನಬೇಡಿ. ಒಬ್ಲಾಸ್ತ್ ಯಾವುದು ನೋಡಿ.

ಮೈಸೂರಿನ ಒಬ್ಬರು ತಾಯಿಯ ಜನನ ಪತ್ರದ ನಕಲು ಬೇಕು ಅಂತ ಬಂದಿದ್ದರು. ತಂದೆ ಮಾಸ್ಕೋದಲ್ಲಿ ಓದಿ, ಅಲ್ಲೇ ಮದುವೆಯಾಗಿ ಬಂದವರು. ಇಬ್ಬರೂ ಈಗಿಲ್ಲ. ಮಗನಿಗೆ ಗೊತ್ತಿದ್ದದ್ದು ಅಲೆಕ್ಸಾಂದ್ರೊವ್ಕಾ ಅಂತ ಮಾತ್ರ. ಅಷ್ಟೇ ಬರೆದು ಕಳಿಸಿದ ಅರ್ಜಿ ವಾಪಸ್ ಬಂದಿತ್ತು. ಮನೆಯಲ್ಲಿ ಹಳೆಯ ಕಾಗದಪತ್ರ ಇದ್ದರೆ ತನ್ನಿ ಅಂದೆ. ಆ ತಾಯಿ ತನ್ನ ಅಕ್ಕನ ಪತ್ರಗಳನ್ನೆಲ್ಲ ಕವರ್ ಸಮೇತ ಇಟ್ಟಿದ್ದರು. ಪುಣ್ಯಾತ್ಗಿತ್ತಿ! ಕವರಿನ ಮೇಲೆ ಕಳಿಸಿದವರ ಒಬ್ಲಾಸ್ತ್, ರಾಯೋನ್, ಹಳ್ಳಿ, ಆರಂಕಿಯ ಪಿನ್ ಎಲ್ಲವೂ ಇತ್ತು. ಪಿನ್‌ನ ಮೊದಲ ಮೂರು ಅಂಕಿಯಿಂದಲೇ ಪ್ರದೇಶ ತಿಳಿಯುತ್ತದೆ. 396 ಅಂದರೆ ವೊರೊನೆಜ್ ಕಡೆ. ಅಕ್ಕ ತವರಿನಲ್ಲೇ ಉಳಿದಿದ್ದರು, ಹಾಗಾಗಿ ಕೆಲಸ ಆಯಿತು. ಮದುವೆಯಾಗಿ ಬೇರೆ ಊರಿಗೆ ಹೋಗಿದ್ದರೆ ಆಗುತ್ತಿರಲಿಲ್ಲ. ಅದಕ್ಕೇ ಕವರನ್ನು ಸುಳಿವು ಅಂತ ಮಾತ್ರ ತೆಗೆದುಕೊಳ್ಳಬೇಕು.

ಒಂದೇ ರಾಯೋನಿನಲ್ಲಿ ಒಂದೇ ಹೆಸರಿನ ಎರಡು ಹಳ್ಳಿ ಇರುವುದೂ ಉಂಟು. ಆಗ ಸೆಲ್‌ಸೊವೆಟ್, ಅಂದರೆ ಗ್ರಾಮ ಮಂಡಳಿಯ ಹೆಸರೂ ಬೇಕು. ಇತ್ತೀಚೆಗೆ ಎಷ್ಟೋ ರಾಯೋನ್‌ಗಳನ್ನು ಒಕ್ರುಗ್ ಎಂಬ ಬೇರೆ ಥರದ ಆಡಳಿತ ವಿಭಾಗ ಮಾಡಿದ್ದಾರೆ. ಮಾಸ್ಕೋ ಒಬ್ಲಾಸ್ತಿನಲ್ಲಂತೂ ಅದು ಜಾಸ್ತಿ. ಹಾಗಂತ ಹಳೆಯ ದಾಖಲೆಯ ಹೆಸರನ್ನು ನೀವು ಬದಲಿಸಬೇಡಿ. ಇದ್ದದ್ದನ್ನು ಇದ್ದ ಹಾಗೇ ಬರೆಸಿ. ಈಗಿನ ಹೆಸರು ಬೇಕಾದರೆ ಪ್ರತ್ಯೇಕ ಟಿಪ್ಪಣಿಯಾಗಿ ಹಾಕೋಣ. ಫಾರ್ಮಿನಲ್ಲಿ ಜಾಗ ಸಾಲದಿದ್ದರೆ ಇನ್ನೊಂದು ಹಾಳೆ ಲಗತ್ತಿಸಬಹುದಾ ಅಂತ ಅದನ್ನು ಕೊಟ್ಟ ಕಚೇರಿಯಲ್ಲೇ ಕೇಳಿ. ಒಂದೊಂದು ಕಚೇರಿಯ ನಿಯಮ ಒಂದೊಂದು ಥರ ಇರುತ್ತದೆ.