ನೌಕರಿ ಹತ್ತುವ ತನಕ

ಕೆಲಸ ಹೋದ ಎರಡನೇ ವಾರ ನಾನು ದಾರಿ ಬದಲಿಸಿದೆ. ಬೆಳಗಾವಿಯ ಮೂರನೇ ರೈಲ್ವೆ ಗೇಟಿನ ಕಡೆ ಹೋಗುವುದನ್ನೇ ಬಿಟ್ಟೆ. ಬೆಳಿಗ್ಗೆ ಅಲ್ಲಿ ಉದ್ಯಮಬಾಗದ ಕಾರ್ಖಾನೆಗಳಿಗೆ ಹೊರಟವರ ಬೈಕುಗಳ ಸಾಲು ಇರುತ್ತದೆ. ಅರ್ಧಕ್ಕರ್ಧ ಗುರುತಿನ ಮುಖಗಳು. ಯಾರಾದರೂ ಗಾಡಿ ನಿಧಾನ ಮಾಡಿ "ಏನ್ರೀ, ಇವತ್ತ ಸೂಟಿ ಏನು?" ಅಂತ ಕೇಳಿದರೆ ಏನು ಹೇಳುವುದು? ಹಾಲಿನ ಪಾಕೀಟು ತರಲು ಕೂಡ ಅನಗೋಳದ ಒಳಗಲ್ಲಿ ಸುತ್ತಿ ಹೋಗುತ್ತಿದ್ದೆ.

ಒಂದು ಸಣ್ಣ ಮಷಿನ್ ಶಾಪಿನ ಕ್ವಾಲಿಟಿ ರೂಮಿನಲ್ಲಿ ಹನ್ನೊಂದು ವರ್ಷ ಇದ್ದವನು ನಾನು. ವರ್ನಿಯರ್, ಮೈಕ್ರೋಮೀಟರ್, ಬೋರ್ ಗೇಜ್ ಇವೇ ನನ್ನ ಸಂಗಾತಿಗಳು. ಆರ್ಡರ್ ಕಡಿಮೆಯಾಯಿತು, ಹದಿನಾಲ್ಕು ಜನರನ್ನು ಮನೆಗೆ ಕಳಿಸಿದರು. ಅವರಲ್ಲಿ ನಾನೂ ಒಬ್ಬ. ಐದು ತಿಂಗಳು ಖಾಲಿ ಕೂತೆ. ಹಾಗೆ ಕೂತಾಗ, ನೌಕರಿ ಇಲ್ಲದವರ ಮನಸ್ಸಿನ ಬಗ್ಗೆ ವಿಜ್ಞಾನ ಏನು ಹೇಳುತ್ತದೆ ಅಂತ ಓದಲು ಶುರು ಮಾಡಿದೆ. ಅಳೆಯುವುದು ಕಸುಬು ಆದವನಿಗೆ ಇದನ್ನೂ ಯಾರಾದರೂ ಅಳೆದಿದ್ದಾರಾ ಅನ್ನೋ ಕುತೂಹಲ.

ಅಳೆದಿದ್ದಾರೆ. ಅದೂ ಸ್ಟಾಪ್‌ವಾಚ್ ಹಿಡಿದು. ಆಸ್ಟ್ರಿಯಾದಲ್ಲಿ ವಿಯೆನ್ನಾ ಹತ್ತಿರ ಮರಿಯೆಂಟಾಲ್ ಎಂಬ ಸಣ್ಣ ಊರಿದೆ. ಒಂದು ಜವಳಿ ಗಿರಣಿಯನ್ನೇ ನಂಬಿದ ಊರು. 1929-30ರಲ್ಲಿ ಆ ಗಿರಣಿ ಮುಚ್ಚಿತು, ಹೆಚ್ಚೂಕಡಿಮೆ ಇಡೀ ಊರೇ ಬರಿಗೈ ಆಯಿತು. ಮರಿ ಯಾಹೋಡಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಎಂಬ ಎಳೆಯ ಸಂಶೋಧಕರು ತಮ್ಮ ತಂಡದೊಂದಿಗೆ ಅಲ್ಲಿಗೆ ಹೋದರು. ಊರಿನ ಮುಖ್ಯ ಬೀದಿಯಲ್ಲಿ ಜನ ಎಷ್ಟು ವೇಗವಾಗಿ ನಡೆಯುತ್ತಾರೆ, ಎಷ್ಟು ಸಲ ನಿಲ್ಲುತ್ತಾರೆ ಅಂತ ಯಾರಿಗೂ ಗೊತ್ತಾಗದ ಹಾಗೆ ಲೆಕ್ಕ ಹಾಕಿದರು. ಗಂಡಸರು ನಿಧಾನವಾಗಿದ್ದರು. ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಿದ್ದರು. ಹೆಂಗಸರು ಮಾತ್ರ ಸರಸರ ನಡೆಯುತ್ತಿದ್ದರು. ಗಿರಣಿಯ ಪಗಾರ ಅವರಿಗೂ ಹೋಗಿತ್ತು, ಆದರೆ ಒಲೆ, ಬಟ್ಟೆ, ಮಕ್ಕಳು ಎಲ್ಲಿ ಹೋಗುತ್ತಾರೆ?

ನನ್ನನ್ನು ಜಾಸ್ತಿ ಕಾಡಿದ್ದು ಆ ಊರಿನ ಗ್ರಂಥಾಲಯ. ಪುಸ್ತಕ ಒಯ್ಯಲು ಇದ್ದ ಶುಲ್ಕವನ್ನು ತೆಗೆದರು. ಜನರ ಹತ್ತಿರ ದಿನವಿಡೀ ಬಿಡುವು. ಆದರೂ ಎರಡು ವರ್ಷದಲ್ಲಿ ಓದಲು ಒಯ್ಯುವ ಪುಸ್ತಕಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಇದನ್ನು ಓದಿದಾಗ ನಾನು ಸುಮ್ನೆ ಕೂತುಬಿಟ್ಟೆ. ನನ್ನದೂ ಅದೇ ಕಥೆ. ಕೆಲಸ ಇದ್ದಾಗ "ಟೈಮ್ ಸಿಕ್ಕರೆ ಸಾಕು, ಸಿಎಂಎಂ (ಕಂಪ್ಯೂಟರ್ ಮೇಲೆ ಅಳೆಯುವ ಮಷಿನ್) ಪ್ರೋಗ್ರಾಮಿಂಗ್ ಕಲಿತುಬಿಡ್ತೀನಿ" ಅಂತಿದ್ದವನು, ಟೈಮ್ ಸಿಕ್ಕಮೇಲೆ ಬೆಳಿಗ್ಗೆ ಪತ್ರಿಕೆ ಓದಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಆಗುತ್ತಿತ್ತು.

ಯಾಹೋಡಾ ಮುಂದೆ ಹಲವು ವರ್ಷ ಇದನ್ನೇ ಯೋಚಿಸಿದರು. ನೌಕರಿ ಅಂದರೆ ಪಗಾರ ಅಂತ ನಾವು ತಿಳಿದಿರುತ್ತೇವೆ. ಆದರೆ ಪಗಾರದ ಹಿಂದೆ ಇನ್ನೂ ಐದು ಸಂಗತಿಗಳು ನಮಗೆ ಗೊತ್ತಿಲ್ಲದೇ ಸಿಗುತ್ತಿರುತ್ತವೆ ಅಂದರು. ದಿನಕ್ಕೊಂದು ವೇಳಾಪಟ್ಟಿ, ಮನೆಯ ಹೊರಗಿನ ಜನ, ಹತ್ತು ಮಂದಿ ಸೇರಿ ಮಾಡುವ ಕೆಲಸದಲ್ಲಿ ಒಂದು ಪಾಲು, ಸಮಾಜದಲ್ಲಿ ಒಂದು ಗುರುತು, ಮತ್ತೆ ಮೈ-ಮನಸ್ಸು ಆಡುತ್ತಲೇ ಇರಬೇಕಾದ ಅನಿವಾರ್ಯತೆ. ಫ್ಯಾಕ್ಟರಿ ಗೇಟು ಮುಚ್ಚಿದರೆ ಐದೂ ಒಂದೇ ದಿನ ಹೋಗುತ್ತವೆ. 2009ರಲ್ಲಿ ಕಾರ್ಸ್ಟನ್ ಪೌಲ್ ಮತ್ತು ಕ್ಲಾಸ್ ಮೋಸರ್ ಮುನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕೆಲಸ ಇಲ್ಲದವರಲ್ಲಿ ಮಾನಸಿಕ ತೊಂದರೆ ಇದ್ದವರು ಶೇಕಡಾ 34, ಕೆಲಸ ಇದ್ದವರಲ್ಲಿ ಶೇಕಡಾ 16. ಮನಸ್ಸು ಸರಿ ಇಲ್ಲದವರೇ ಕೆಲಸ ಕಳೆದುಕೊಳ್ಳುತ್ತಾರೆ ಅನ್ನುವ ವಾದವೂ ಇದೆ, ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಮತ್ತೆ ಕೆಲಸ ಸಿಕ್ಕವರ ಮನಸ್ಸು ಸುಧಾರಿಸುವುದು ಅದೇ ಲೆಕ್ಕದಲ್ಲಿ ಕಾಣುತ್ತದೆ. ಅಂದರೆ ಕೆಲಸ ಇಲ್ಲದಿರುವುದೇ ನೋವು ಕೊಡುತ್ತಿತ್ತು ಅಂತಾಯಿತು.

ದುಡ್ಡಿನ ಚಿಂತೆ ತಲೆಗೆ ಏನು ಮಾಡುತ್ತದೆ ಅನ್ನುವುದಕ್ಕೆ ನಮ್ಮ ಕಡೆಯವರಿಗೆ ಥಟ್ಟನೆ ತಿಳಿಯುವ ಒಂದು ಪ್ರಯೋಗ ಇದೆ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು ಒಂದು ಸಲ, ಕಟಾವು ಆದಮೇಲೆ ಒಂದು ಸಲ ಬುದ್ಧಿಪರೀಕ್ಷೆಗೆ ಕೂರಿಸಿದರು. ಕೈಯಲ್ಲಿ ದುಡ್ಡಿಲ್ಲದಾಗ ಅದೇ ರೈತನ ಅಂಕ ಕಡಿಮೆ, ಬಿಲ್ಲು ಬಂದಮೇಲೆ ಜಾಸ್ತಿ. 2013ರಲ್ಲಿ ಇದು ಪ್ರಕಟವಾಯಿತು, ಆಮೇಲೆ ಇದರ ಮೇಲೆ ತಕರಾರುಗಳೂ ಬಂದವು. ಗೋಕಾಕ ಅಥವಾ ಅಥಣಿಯ ಯಾವ ರೈತನನ್ನು ಕೇಳಿದರೂ ಮೊದಲಿನ ಮಾತಿಗೇ ತಲೆ ಆಡಿಸುತ್ತಾನೆ ಅನ್ನಿ. ನಾನಂತೂ ಆ ತಿಂಗಳುಗಳಲ್ಲಿ ಒಂದೇ ಅರ್ಜಿಯಲ್ಲಿ ಎರಡು ಸಲ ನನ್ನ ಮೊಬೈಲ್ ನಂಬರ್ ತಪ್ಪು ಬರೆದಿದ್ದೆ.

ಇಷ್ಟೆಲ್ಲ ಆಗುವಾಗ ಮನುಷ್ಯ ಮಾಡುವ ಮೊದಲ ಕೆಲಸ ಮುಚ್ಚಿಡುವುದು. ನಾನು ಮೂರನೇ ಗೇಟು ಬಿಟ್ಟ ಹಾಗೆ. ಮದುವೆಗೆ ಹೋಗುವುದಿಲ್ಲ, ಫೋನ್ ಎತ್ತುವುದಿಲ್ಲ, ವಾಟ್ಸಾಪ್ ಸ್ಟೇಟಸ್ ಹಾಕುವುದಿಲ್ಲ. ನಾಲ್ಕು ಜನ ಏನಂದಾರು ಅನ್ನುವ ಅಂಜಿಕೆ. ಆದರೆ ನೌಕರಿಯ ಸುದ್ದಿ ಬರುವುದು ಆ ನಾಲ್ಕು ಜನರ ಕಡೆಯಿಂದಲೇ.

ಅಮೆರಿಕದ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಲೇಖನ ಬರೆದರು. ಬಾಸ್ಟನ್ ಹತ್ತಿರದ ಊರೊಂದರಲ್ಲಿ ಹೊಸ ಕೆಲಸ ಹಿಡಿದವರನ್ನು ಅವರು ಕೇಳಿದ್ದು ಸರಳ ಪ್ರಶ್ನೆ: ಸುದ್ದಿ ಹೇಳಿದವರನ್ನು ಆಗ ನೀವು ಎಷ್ಟು ಸಲ ಭೇಟಿ ಮಾಡುತ್ತಿದ್ದಿರಿ? ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ, ವಾರಕ್ಕೆ ಎರಡು ಸಲವಾದರೂ ನೋಡುವ ಆಪ್ತರಿಂದ ಸುದ್ದಿ ಬಂದದ್ದು ಶೇಕಡಾ 16.7 ಮಂದಿಗೆ ಮಾತ್ರ. ಶೇಕಡಾ 55.6 ಮಂದಿಗೆ ಹೇಳಿದವರು ಆಗೊಮ್ಮೆ ಈಗೊಮ್ಮೆ ಸಿಗುವವರು. ಉಳಿದವರಿಗೆ ಹೇಳಿದವರಂತೂ ವರ್ಷಕ್ಕೊಮ್ಮೆ ಕಂಡರೆ ಹೆಚ್ಚು. ಕಾರಣ ಯೋಚಿಸಿದರೆ ಸಹಜ ಅಲ್ವಾ? ನನ್ನ ಜೀವದ ಗೆಳೆಯನಿಗೆ ಗೊತ್ತಿರುವುದೆಲ್ಲ ನನಗೂ ಗೊತ್ತಿರುತ್ತದೆ. ಇಬ್ಬರೂ ಅದೇ ಚಹಾದ ಅಂಗಡಿ, ಅದೇ ಜನ. ಆಗೀಗ ಸಿಗುವವನು ಬೇರೆ ಓಣಿಯ ಗಾಳಿ ತರುತ್ತಾನೆ.

ಆಗಿನ ಮಾತು ಈಗ ನಡೆಯುತ್ತದಾ ಅಂದರೆ, 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು ಎರಡು ಕೋಟಿ ಬಳಕೆದಾರರ ಮೇಲೆ ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಅಲ್ಲೂ ಆಪ್ತರಿಗಿಂತ ದೂರದವರೇ ಹೆಚ್ಚು ಉಪಯೋಗಕ್ಕೆ ಬಂದರು. ಒಂದು ತಿದ್ದುಪಡಿ ಮಾತ್ರ: ತೀರಾ ದೂರದವರು ಅಷ್ಟೇನೂ ಆಗಲಿಲ್ಲ. ಹೆಸರಷ್ಟೇ ಗೊತ್ತಿರುವವರಿಗಿಂತ, ನಡುವೆ ಒಂದಿಷ್ಟು ಸಾಮಾನ್ಯ ಗೆಳೆಯರು ಇರುವಂಥ ಪರಿಚಯ ಮೇಲು.

ನನ್ನ ವಿಷಯದಲ್ಲಿ ಆ ಪರಿಚಯ ಕ್ಯಾಲಿಬ್ರೇಶನ್ ಹುಡುಗ, ಅಂದರೆ ಅಳೆಯುವ ಸಾಧನಗಳೇ ಸರಿ ಇವೆಯಾ ಅಂತ ಪರೀಕ್ಷಿಸುವವನು. ವರ್ಷಕ್ಕೆ ಎರಡು ಸಲ ಒಂದು ಪೆಟ್ಟಿಗೆ ಹಿಡಿದು ನಮ್ಮ ಕ್ವಾಲಿಟಿ ರೂಮಿಗೆ ಬರುತ್ತಿದ್ದ. ಪೆಟ್ಟಿಗೆಯಲ್ಲಿ ಸ್ಲಿಪ್ ಗೇಜುಗಳು, ಕನ್ನಡಿಯ ಹಾಗೆ ಹೊಳೆಯುವ ಉಕ್ಕಿನ ತುಂಡುಗಳು. ಬರಿಗೈಯಲ್ಲಿ ಮುಟ್ಟಲು ಬಿಡುತ್ತಿರಲಿಲ್ಲ. ಅಳತೆಯ ಲೋಕದಲ್ಲಿ 20 ಡಿಗ್ರಿ ಸೆಲ್ಸಿಯಸ್ಸೇ ಪ್ರಮಾಣ. ಕೈಯ ಬಿಸಿ ತಾಗಿದರೂ ಉಕ್ಕು ಹಿಗ್ಗುತ್ತದೆ. ನೂರು ಮಿಲಿಮೀಟರಿನ ತುಂಡು ಒಂದು ಡಿಗ್ರಿಗೆ ಹೆಚ್ಚೂಕಡಿಮೆ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ವರ್ನಿಯರ್‌ಗಳನ್ನು ನೋಡಿ, ಸರಿ ಇದ್ದರೆ ಹಸಿರು ಚೀಟಿ ಅಂಟಿಸಿ, ಮುಂದಿನ ತಪಾಸಣೆಯ ತಾರೀಖು ಬರೆದು ಹೋಗುತ್ತಿದ್ದ. ನಮ್ಮಿಬ್ಬರ ಮಾತುಕತೆ ಒಟ್ಟು ಹತ್ತು ನಿಮಿಷ ಇರಬಹುದು.

ಅವನು ಸಿಕ್ಕಿದ್ದು ಖಡೇಬಜಾರದಲ್ಲಿ. ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ.

"ಸರ, ಅಲ್ಲೇ ಅದೀರಲ್ಲ?"

"ಇಲ್ಲಪಾ. ನಾಕ್ ತಿಂಗಳಾತು ಬಿಡಿಸಿ."

ಇಷ್ಟು ಹೇಳಲು ನನಗೆ ನಾಲ್ಕು ತಿಂಗಳು ಬೇಕಾಗಿತ್ತು. ಅವನ ಮುಖದಲ್ಲಿ ಅಯ್ಯೋ ಪಾಪ ಅನ್ನೋದು ಏನೂ ಬರಲಿಲ್ಲ. "ಹಂಗಾರ ಮಚ್ಛೇದಾಗ ಒಬ್ರು ಕೇಳಾಕತ್ತಿದ್ರು ನೋಡ್ರಿ, ಇನ್‌ಸ್ಪೆಕ್ಷನ್ ಮಂದಿ ಬೇಕಂತ. ನಂಬರ್ ಕೊಡಲೇನು?" ಅಂದ. ಊರಿನ ಎಲ್ಲ ಕ್ವಾಲಿಟಿ ರೂಮುಗಳೂ ಅವನಿಗೆ ಗೊತ್ತು. ಯಾರು ಬಿಟ್ಟರು, ಯಾವ ಮಷಿನ್ ಬಂತು, ಎಲ್ಲಿ ಜನ ಸಾಲುತ್ತಿಲ್ಲ ಎಲ್ಲವೂ. ಇಂಥವನೊಬ್ಬ ಇದ್ದಾನೆ ಅನ್ನುವುದೇ ನನ್ನ ತಲೆಗೆ ಹೊಳೆದಿರಲಿಲ್ಲ. ಟೂಲ್ ಮಾರುವವರು, ಟೆಂಪೋದವರು, ಕ್ಯಾಂಟೀನಿನವರು ಎಲ್ಲ ಇದೇ ಜಾತಿ.

ಆದರೂ ಆ ಮೊದಲ ಸಂದರ್ಶನ ನಾನೇ ಕೆಡಿಸಿಕೊಂಡೆ. "ಹಿಂದಿನ ಕಡೆ ಯಾಕ ಬಿಟ್ರಿ?" ಅಂತ ಕೇಳಿದ್ದೇ ತಡ, ಹಳೇ ಮಾಲೀಕರ ಬಗ್ಗೆ ಹತ್ತು ನಿಮಿಷ ಕಾರಿಕೊಂಡೆ. ಎದುರಿನವರು ಪೆನ್ನು ಕೆಳಗಿಟ್ಟಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಓದಿದೆ, ಇದಕ್ಕೂ ಒಂದು ಮದ್ದನ್ನು ಪರೀಕ್ಷಿಸಿದ್ದಾರೆ. ಜೇಮ್ಸ್ ಪೆನ್ನಬೇಕರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಪ್ರಯೋಗ. ಕೆಲಸ ಕಳೆದುಕೊಂಡ 63 ಎಂಜಿನಿಯರುಗಳಲ್ಲಿ ಕೆಲವರಿಗೆ ಐದು ದಿನ, ದಿನಕ್ಕೆ 20 ನಿಮಿಷ, ಕೆಲಸ ಹೋದದ್ದರ ಸಿಟ್ಟು-ಸಂಕಟವನ್ನು ಬರೆಯಲು ಹೇಳಿದರು. ಎಂಟು ತಿಂಗಳ ನಂತರ ಹಾಗೆ ಬರೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಕೆಲಸ ಸಿಕ್ಕಿತ್ತು, ಉಳಿದವರಲ್ಲಿ ಐದರಲ್ಲಿ ಒಬ್ಬರಿಗೂ ಇಲ್ಲ. ಬರೆದವರೇನೂ ಜಾಸ್ತಿ ಅರ್ಜಿ ಹಾಕಿರಲಿಲ್ಲ. ಸಿಟ್ಟು ಕಾಗದಕ್ಕೆ ಇಳಿದು, ಸಂದರ್ಶನದ ಕೋಣೆಗೆ ಹೋಗುವಷ್ಟರಲ್ಲಿ ತಣ್ಣಗಾಗಿತ್ತೇನೋ ಎಂಬುದು ಊಹೆ. ಸಣ್ಣ ಪ್ರಯೋಗ, ಇದನ್ನೇ ನೆಚ್ಚಿ ಕೂರಬೇಡಿ. ಆದರೆ ಖರ್ಚು ಒಂದು ನೋಟ್‌ಬುಕ್ ಅಷ್ಟೇ. ನಾನು ಮಗನ ಹಳೇ ಗಣಿತದ ಪಟ್ಟಿಯ ಹಿಂದಿನ ಹಾಳೆಗಳಲ್ಲಿ ಬರೆದು, ಹರಿದು ಬಚ್ಚಲೊಲೆಗೆ ಹಾಕಿದೆ.

ಕೂಡಿ ಹುಡುಕುವುದರ ಬಗ್ಗೆಯೂ ಹೇಳಬೇಕು. 1975ರಲ್ಲಿ ಅಮೆರಿಕದ ನೇಥನ್ ಅಜ್ರಿನ್ ಎಂಬ ಮನೋವಿಜ್ಞಾನಿ ಕೆಲಸ ಹುಡುಕುವವರದ್ದೇ ಒಂದು ಸಂಘ ಮಾಡಿ ಪರೀಕ್ಷಿಸಿದರು. ಇಬ್ಬಿಬ್ಬರ ಜೋಡಿ. ಒಬ್ಬರ ಅರ್ಜಿ ಇನ್ನೊಬ್ಬರು ನೋಡುವುದು, ಒಬ್ಬರ ಫೋನು ಇನ್ನೊಬ್ಬರು ಕೇಳಿಸಿಕೊಂಡು ತಿದ್ದುವುದು, ತನಗೆ ಹೊಂದದ ಸುದ್ದಿಯನ್ನು ಮತ್ತೊಬ್ಬರಿಗೆ ಕೊಡುವುದು. ಮನೆಯವರು ಹೇಗೆ ಜೊತೆ ಕೊಡಬೇಕು ಅಂತಲೂ ತಿಳಿಸುತ್ತಿದ್ದರು. ಎರಡು ತಿಂಗಳೊಳಗೆ ಸಂಘದವರಲ್ಲಿ ಶೇಕಡಾ 90 ಮಂದಿಗೆ ಕೆಲಸ ಸಿಕ್ಕಿತು, ತಾವೇ ಹುಡುಕಿದವರಲ್ಲಿ ಶೇಕಡಾ 55. ನಮ್ಮ ಬೆಳಗಾವಿಯಲ್ಲಿ ಗಲ್ಲಿಗೊಂದು ಗಣಪತಿ ಮಂಡಳ ಇದೆ. ಹನ್ನೊಂದು ದಿನ ಪೆಂಡಾಲು, ಪಟ್ಟಿ, ಮೆರವಣಿಗೆ ಎಲ್ಲ ಅಚ್ಚುಕಟ್ಟಾಗಿ ನಡೆಸುವ ಹುಡುಗರು, ಉಳಿದ ದಿನ ವಾರಕ್ಕೊಂದು ಸಂಜೆ ಅದೇ ಕಟ್ಟೆಯ ಮೇಲೆ ಈ ಕೆಲಸಕ್ಕೆ ಕೂತರೆ ಹೇಗಿರುತ್ತದೆ ಅಂತ ನನಗೆ ಆಗಾಗ ಅನಿಸುತ್ತದೆ.

ಇನ್ನು ಮನೆ. ಮನೆಯವರ ಮಾತಿಗೆ ಎಷ್ಟು ತೂಕ ಅನ್ನುವುದನ್ನು ಅಮಿರಾಮ್ ವಿನೊಕುರ್ ಮತ್ತು ಮಿಶೆಲ್ ವ್ಯಾನ್ ರಿನ್ 1993ರಲ್ಲಿ ಕೆಲಸ ಇಲ್ಲದವರ ಮೇಲೆಯೇ ಅಧ್ಯಯನ ಮಾಡಿದರು. ಹತ್ತಿರದವರ ಒಳ್ಳೆಯ ಮಾತು ಮನಸ್ಸನ್ನು ಎತ್ತುವುದಕ್ಕಿಂತ ಅವರ ಚುಚ್ಚುಮಾತು ಕೆಡವುವುದೇ ಹೆಚ್ಚು ಬಲವಾಗಿತ್ತು. "ನೀ ಜರಾ ಜೋರ ಮಾಡಬೇಕಿತ್ತ ನೋಡು", "ಅವನ ಮಗಾ ಪುಣೇದಾಗ ಎಷ್ಟ್ ತಗೋತಾನ ಗೊತ್ತೇನು" ಅನ್ನುವವರು ಕೆಟ್ಟವರಲ್ಲ. ಹುರಿದುಂಬಿಸುತ್ತಿದ್ದೇವೆ ಅಂತಲೇ ತಿಳಿದಿರುತ್ತಾರೆ. ದಿನಾ ಸಂಜೆ "ಏನಾತು?" ಅಂತ ಕೇಳುವುದೂ ಅಷ್ಟೇ. ಏನಾದರೂ ಆಗಿದ್ದರೆ ಅವನೇ ಬಾಗಿಲಲ್ಲಿ ಹೇಳುತ್ತಿದ್ದ.

ನಿಯಾಲ್ ಬೋಲ್ಗರ್ ಮತ್ತು ಸಂಗಡಿಗರ 2000ದ ಅಧ್ಯಯನ ಇನ್ನೂ ಸೂಕ್ಷ್ಮ. ವಕೀಲಿ ಪರೀಕ್ಷೆಗೆ ಓದುತ್ತಿದ್ದವರು ಮತ್ತು ಅವರ ಸಂಗಾತಿಗಳು ದಿನಾ ಡೈರಿ ಬರೆದರು. ಸಹಾಯ ಮಾಡಿದೆ ಅಂತ ಸಂಗಾತಿ ಬರೆದು, ಸಹಾಯ ಸಿಕ್ಕಿತು ಅಂತ ಓದುವವರು ಬರೆಯದ ದಿನಗಳೇ ಮನಸ್ಸಿಗೆ ಹಗುರವಾಗಿದ್ದವು. ಕಣ್ಣಿಗೆ ಕಂಡ ಸಹಾಯ 'ನನ್ನ ಕೈಲಿ ಆಗುತ್ತಿಲ್ಲ' ಅನ್ನುವುದನ್ನೂ ನೆನಪಿಸಿಬಿಡುತ್ತದೆ. ನಮ್ಮವ್ವ ಇದನ್ನೆಲ್ಲ ಓದಿದವಳಲ್ಲ. ಜೂನ್‌ನಲ್ಲಿ ಮಗನ ಸ್ಕೂಲ್ ವ್ಯಾನಿನವ ದುಡ್ಡು ಕೇಳಲೇ ಇಲ್ಲ, ಮರೆತಿರಬೇಕು ಅಂದುಕೊಂಡಿದ್ದೆ. ಅವ್ವ ತನ್ನ ಭಿಶಿ ಚೀಟಿ ಎತ್ತಿ ಮೂರು ತಿಂಗಳದ್ದು ಕೊಟ್ಟಿದ್ದಳು. ನನಗೆ ನೌಕರಿ ಹತ್ತಿ ಎಷ್ಟೋ ದಿನದ ಮೇಲೆ ಹೆಂಡತಿ ಬಾಯಿಬಿಟ್ಟಳು.

ಕೆಲವು ಕಾಗದ-ಪತ್ರದ ಮಾತು ಬೇಗ ಹೇಳಿಬಿಡುತ್ತೇನೆ. ಬಿಡುವ ದಿನವೇ ಅನುಭವ ಪತ್ರ ಇಸಿದುಕೊಳ್ಳಿ, ಆಮೇಲೆ ಅಲೆದಾಟ ತಪ್ಪದು. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ತಾರೀಖು ದಾಖಲಾಗಿದೆಯಾ ನೋಡಿ. ಇಎಸ್‌ಐ ಇದ್ದವರಿಗೆ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಎಂಬುದೊಂದು 2018ರಲ್ಲಿ ಶುರುವಾಗಿದೆ. ಕೆಲಸ ಹೋದವರಿಗೆ ಸರಾಸರಿ ಕೂಲಿಯ ಒಂದು ಭಾಗವನ್ನು 90 ದಿನಗಳವರೆಗೆ ಕೊಡುವಂಥದ್ದು. 2020ರಲ್ಲಿ ಆ ಭಾಗವನ್ನು ಶೇಕಡಾ 25ರಿಂದ 50ಕ್ಕೆ ಏರಿಸಿದರು. ಗಡುವನ್ನು ಆಗಾಗ ಮುಂದೂಡುತ್ತಾ ಬಂದಿರುವುದರಿಂದ ಈಗಿನ ನಿಯಮವನ್ನು ಇಎಸ್‌ಐ ಕಚೇರಿಯಲ್ಲೇ ಕೇಳುವುದು ಒಳ್ಳೆಯದು. ಕೆಲಸ ಕೊಡಿಸಲು ಮುಂಗಡ ಕೇಳಿದವನಿಗೆ ಒಂದು ರೂಪಾಯಿಯೂ ಬೇಡ. ನಿದ್ದೆ ಹೋಗಿ, ಊಟ ಸೇರದೆ, ಬದುಕೇ ಸಾಕು ಅನಿಸತೊಡಗಿದರೆ 14416ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರಕಾರದ ಟೆಲಿ ಮಾನಸ್, 2022ರ ಅಕ್ಟೋಬರ್‌ನಿಂದ ಇದೆ. ಕನ್ನಡದಲ್ಲೇ ಮಾತಾಡಬಹುದು, ಹೊತ್ತು ಯಾವುದಾದರೂ ಸರಿ, ದುಡ್ಡಿಲ್ಲ.

ಮಚ್ಛೇದ ಆ ಕೆಲಸ ಸಿಗಲಿಲ್ಲ. ಆದರೆ ಅಲ್ಲಿಂದ ಇನ್ನೊಂದು ನಂಬರ್ ಸಿಕ್ಕಿತು, ಅದರಿಂದ ಮತ್ತೊಂದು. ಈಗ ಹೊನಗಾದ ಕಡೆ ಇದ್ದೇನೆ. ಮೊನ್ನೆ ಕ್ಯಾಲಿಬ್ರೇಶನ್ ಹುಡುಗ ಇಲ್ಲಿಗೂ ಬಂದಿದ್ದ. ನನ್ನ ಮೈಕ್ರೋಮೀಟರ್‌ಗೆ ಹಸಿರು ಚೀಟಿ ಅಂಟಿಸಿ, ಪೆಟ್ಟಿಗೆ ಮುಚ್ಚುತ್ತಾ ದನಿ ತಗ್ಗಿಸಿದ.

"ಸರ, ಒಬ್ಬಾವ ಅದಾನ್ರಿ. ಸಿಎಂಎಂ ಚೊಲೋ ಬರ್ತೈತಿ. ಎರಡ ತಿಂಗಳಾತು ಮನ್ಯಾಗ ಕುಂತಾನು. ಯಾರಿಗೂ ಹೇಳಾಕ ಒಲ್ಲ ಅಂತಾನ. ನಿಮ್ ಕಡೆ ಏನರ ಐತೇನು?"

ಚೀಟಿಯ ಹಿಂಬದಿಯ ಕಾಗದ ಇನ್ನೂ ಮೇಜಿನ ಮೇಲಿತ್ತು. ಅದನ್ನೇ ಅವನ ಕಡೆ ತಳ್ಳಿ, "ಅವನ ನಂಬರ್ ಬರಿ" ಅಂದೆ.